ಏನು ಬೇಕಾದ್ರೂ ತಿನ್ರಿ

ಗಬ್ಬೂರು ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ ಅಂಗಡಿಯ ಖಾಜಾಮಿಯಾ ಕೊಟ್ಟ ಬಿಸಿ ಮಿರ್ಚಿಯನ್ನು ಟೇಲರ್ ಯಮನೂರಪ್ಪ ಬೇಡವೆಂದದ್ದೇ ತಪ್ಪಾಯಿತು.

“ಯಾಕಪಾ, ಮಿರ್ಚಿ ಮ್ಯಾಲ ಸಿಟ್ಟೇನು?”

“ಉಪಾಸ ಇರಬೇಕು ಮಾರಾಯಾ. ರಾಯಚೂರಾಗ ಕಿಡ್ನಿ ಸ್ಕ್ಯಾನಿಂಗ್ ಅದ.”

ಟೈಫಾಯ್ಡಿನಿಂದ ಎದ್ದವನಿಗೆ ಹದಿನೈದು ದಿನದಿಂದ ಎಡ ಪಕ್ಕೆಯಲ್ಲಿ ನೋವು, ಮೂತ್ರ ಕೆಂಪು. ಯಮನೂರಪ್ಪನಿಗೆ ಜೀವಭಯ ಹತ್ತಿತ್ತು. ಹೆಂಡತಿ ಮಂಜುಳಾ ಹೆದರಿಯಾಳೆಂದು, ದಾರದ ಉಂಡೆ ತರುತ್ತೇನೆಂದು ಸುಳ್ಳು ಹೇಳಿ ಹೊರಟಿದ್ದ. ಆದರೆ ಪಕ್ಕದ ಮನೆಯ ಬೂದೆಮ್ಮ ಬಸ್ ಸ್ಟ್ಯಾಂಡಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಸ್ಸು ಹೊರಡುವಷ್ಟರಲ್ಲಿ ಊರವರ ಬಾಯಲ್ಲಿ ಅವನ ಒಂದು ಕಿಡ್ನಿ ಹೋಗಿತ್ತು. ಬಸ್ಸು ರಾಯಚೂರು ಮುಟ್ಟುವಷ್ಟರಲ್ಲಿ ಎರಡೂ ಹೋದವು.

ಡಾಕ್ಟರ್ ವಿಜಯಲಕ್ಷ್ಮಿ ಅವನ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿದರು.

“ಕೊಯ್ತೀರೇನ್ರೀ ಮೇಡಂ?”

“ಕೊಯ್ಯೋದಿಲ್ಲ, ಚುಚ್ಚೋದೂ ಇಲ್ಲ. ರಕ್ತ ಹೆಂಗ ಹರೀತದ ಅಂತ ಹೊರಗಿಂದನ ನೋಡೋದು.”

ಯಂತ್ರ ಜುಂಯ್ ಜುಂಯ್ ಎಂದಿತು. ಅದು ಅವನದೇ ರಕ್ತದ ಸದ್ದು! ಇಪ್ಪತ್ತು ವರ್ಷ ಊರವರ ಮೈಯಳತೆ ತೆಗೆದವನು ತನ್ನ ಮೈಯೊಳಗನ್ನು ಕೇಳಿದ್ದು ಇದೇ ಮೊದಲು. ಯಾರೂ ವಿಚಾರಿಸದಿದ್ದರೂ ಪಾಪ, ಅದು ದುಡಿಯುತ್ತಲೇ ಇತ್ತಲ್ಲ ಎಂದು ಅವನ ಕಣ್ಣು ತುಂಬಿತು.

ಮಲಗಿಸಿ, ನಿಲ್ಲಿಸಿ ನೋಡಿದ ಡಾಕ್ಟರ್ ಹೇಳಿದರು: “ಎಡ ಕಿಡ್ನಿಯಿಂದ ಬರೋ ರಕ್ತನಾಳ ಇನ್ನೆರಡು ರಕ್ತನಾಳದ ನಡುವ ಸಿಕ್ಕೊಂಡದ, ಕತ್ತರಿ ಬಾಯಾಗ ಬಟ್ಟಿ ಸಿಕ್ಕಂಗ. ಟೈಫಾಯ್ಡ್ ಬಂದು ಸೊರಗೀರಿ. ನಡುವಿನ ಕೊಬ್ಬು ಕರಗೇದ.”

“ಅಂದ್ರ ಕೋಟಿನ ಒಳಗ ಹಚ್ಚೋ ಅಸ್ತರ್ ಬಟ್ಟಿ ಇಲ್ಲದಂಗ ಅನ್ರಿ!”

“ಹೌದ್ರೀ. ಈಗ ಆಪರೇಷನ್ ಬ್ಯಾಡ. ಏನು ಬೇಕಾದ್ರೂ ತಿನ್ರಿ, ಮೈ ತುಂಬಿಸ್ಕೊಳ್ರಿ. ಮೂರು ತಿಂಗಳಿಗೆ ಮತ್ತ ನೋಡೋಣು.”

ಸಂಜೆ ಹಗುರಾಗಿ ಊರಿಗಿಳಿದರೆ ಮನೆ ಮುಂದೆ ಜನ. ಮಂಜುಳಾ ಓಡಿಬಂದಳು. “ನನಗ್ಯಾಕ ಹೇಳ್ಲಿಲ್ರೀ? ಡಾಕ್ಟರ್ ಏನಂದ್ರು?”

“ಆಪರೇಷನ್ನೂ ಬ್ಯಾಡಂತ! ಏನು ಬೇಕಾದ್ರೂ ತಿನ್ರಿ ಅಂದ್ರು!” ಯಮನೂರಪ್ಪ ನಕ್ಕ.

ಬೇರೆ ಯಾರೂ ನಗಲಿಲ್ಲ. ಬೂದೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. “ನಮ್ಮತ್ತಿಗೂ ಹಿಂಗ ಅಂದಿದ್ರವ್ವಾ, ಬೇಕಾದ್ದು ತಿನ್ನಿಸ್ರಿ ಅಂತ. ಎಂಟು ದಿನಾ ದಾಟ್ಲಿಲ್ಲ.”

ಮಂಜುಳಾ ಗೊಳೋ ಎಂದು ಅತ್ತಳು. ಯಮನೂರಪ್ಪ ಕತ್ತರಿ, ಅಸ್ತರ್ ಎಂದು ಬಿಡಿಸಿ ಹೇಳಿದ. ಸಾಯುವವನ ಮನಸ್ಸು ನೋಯಿಸಬಾರದೆಂದು ಎಲ್ಲರೂ ತಲೆಯಾಡಿಸಿದರು. ಅರ್ಧ ಗಂಟೆಯಲ್ಲಿ ಹೋಳಿಗೆ, ತುಪ್ಪ, ಕೋಳಿ ಸಾರು, ಖಾಜಾಮಿಯಾನ ಮಿರ್ಚಿ ಅವನೆದುರು ಬಂದವು. ಮಾನ್ವಿಯಿಂದ ಅವನ ತಂಗಿಯೂ ಅಳುತ್ತ ಹೊರಟಿದ್ದಳು.

ಯಮನೂರಪ್ಪ ತುತ್ತೆತ್ತಿದ. ಏನು ಬೇಕಾದ್ರೂ ತಿನ್ರಿ ಎನ್ನುವಾಗ ಡಾಕ್ಟರ್ ತನ್ನ ಮುಖ ನೋಡಿದ್ದರೋ, ಕಿಟಕಿಯ ಕಡೆ ನೋಡಿದ್ದರೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತುತ್ತನ್ನು ಮೆಲ್ಲಗೆ ತಟ್ಟೆಯಲ್ಲೇ ಇಟ್ಟ.

“ನೋಡ್ರವ್ವಾ,” ಬೂದೆಮ್ಮ ಬಿಕ್ಕಿದಳು, “ಊಟಾನೂ ಬಿಟ್ಟ!”