ಉಸಾಮಿ ಬುನ್‌ಪೇಯ ನೆಗಡಿ

ಬೆಳಿಗ್ಗೆ ಎದ್ದಾಗ ಉಸಾಮಿ ಬುನ್‌ಪೇಗೆ ಮಿಸೊ ಸಾರಿನ ವಾಸನೆ ಬರಲಿಲ್ಲ. ಕೆಳಗಿನ ಮನೆಯ ತೋಮೆ ಅಜ್ಜಿ ಇನ್ನೂ ಒಲೆ ಹಚ್ಚಿಲ್ಲವೇನೋ ಎಂದುಕೊಂಡು ಕಿಟಕಿ ತೆಗೆದರೆ, ಸಾರಿನ ಹಬೆ ಮುಖಕ್ಕೇ ಹೊಡೆಯಿತು. ವಾಸನೆ ಮಾತ್ರ ಇಲ್ಲ. ಮೂಲಂಗಿ ಉಪ್ಪಿನಕಾಯಿ ಮೂಸಿದ, ಇಲ್ಲ. ನಿನ್ನೆಯ ಕಾಲುಚೀಲ ಮೂಸಿದ. ಅದೂ ಕೈಕೊಟ್ಟಿತು. ನೆಗಡಿ!

ಬೇರೆಯವರಿಗೆ ನೆಗಡಿಯೆಂದರೆ ನಾಲ್ಕು ಕರವಸ್ತ್ರದ ಖರ್ಚು, ಅಷ್ಟೇ. ಆದರೆ ಬುನ್‌ಪೇ ಕಿರಿಹಾರಾ ವಿಸ್ಕಿ ಭಟ್ಟಿಯ ಬೆರಕೆ ಕೋಣೆಯಲ್ಲಿ ಎರಡನೆಯ ಮೂಗು. ಮೊದಲನೆಯದು ಅವನ ಗುರುಗಳಾದ ಮುದುಕ ಸೆನೋ ಅವರದು. ನಮ್ಮಲ್ಲಿ ಒಂದು ಭಟ್ಟಿಯವರು ಇನ್ನೊಂದು ಭಟ್ಟಿಯ ಬಾಗಿಲಿಗೆ ಹೋಗಿ ಬೆರಕೆಗೆಂದು ಪೀಪಾಯಿ ಕೇಳುವ ಪದ್ಧತಿಯಿಲ್ಲ. ಹೊಗೆಯ ಘಾಟಿನದು, ಹಣ್ಣಿನ ಘಮದ್ದು, ಮಿಜುನಾರಾ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ದೇವಸ್ಥಾನದ ಧೂಪದ ಹಾಗಾದದ್ದು, ಎಲ್ಲವನ್ನೂ ತಾವೇ ಇಳಿಸಿ ತಾವೇ ಹೊಂದಿಸಬೇಕು. ಹೊಂದಿಸುವುದು ಮೂಗಿನ ಕೆಲಸ. ಆ ಮೂಗಿಗಾಗಿ ಬುನ್‌ಪೇ ಬೆಳ್ಳುಳ್ಳಿ ಬಿಟ್ಟಿದ್ದ, ನಾರುವ ನತ್ತೋ ಕಾಳು ಬಿಟ್ಟಿದ್ದ, ದಿನಾ ಮಧ್ಯಾಹ್ನ ಸಪ್ಪೆ ಉದೋನ್ ಶಾವಿಗೆ ತಿನ್ನುತ್ತಿದ್ದ. ಸೆಂಟು ಹಾಕಿಕೊಳ್ಳುತ್ತಾಳೆಂದು ಒಬ್ಬ ಹುಡುಗಿಯನ್ನೂ ಬಿಟ್ಟಿದ್ದ. ಬಿಟ್ಟದ್ದು ಅವಳೇ ಎಂದು ಹೇಳುವವರೂ ಇದ್ದಾರೆ.

ಅವತ್ತು ಯಜಮಾನಿ ಓಗಿನುಮಾ ಅವರ ಎದುರು ಹೊಸ ವಿಸ್ಕಿಯ ಬೆರಕೆ ಆರಿಸುವ ದಿನ. ಮೂಗು ಹೋದವರನ್ನು ಭಟ್ಟಿಯವರು ಬೀದಿಗೆ ತಳ್ಳುವುದಿಲ್ಲ, ಒಸಾಕಾದ ಮಾರಾಟ ಕಚೇರಿಗೆ ತಳ್ಳುತ್ತಾರೆ. ಅಲ್ಲಿ ದಿನಾ ಸಂಜೆ ಗಿರಾಕಿಗಳ ಜೊತೆ ಕೂತು ಕುಡಿಯಬೇಕು. ಪಾಪ, ಬುನ್‌ಪೇಗೆ ಎರಡು ಗುಟುಕು ಒಳಗಿಳಿದರೆ ಸಾಕು, ಮುಖ ಬೇಯಿಸಿದ ಆಕ್ಟೋಪಸ್‌ನಂತೆ ಕೆಂಪಾಗಿ, ಕೂತಲ್ಲೇ ಉರುಳಿಬಿಡುತ್ತಿದ್ದ. ಬೆರಕೆ ಕೋಣೆಯಲ್ಲಾದರೆ ಮೂಸಿ, ಬಾಯಲ್ಲಿ ತಿರುಗಿಸಿ, ಉಗುಳಬಹುದು. ಉಗುಳಿದ್ದಕ್ಕೆ ಸಂಬಳ ಕೊಡುವ ಕೆಲಸ ಇನ್ನೆಲ್ಲಿ ಸಿಕ್ಕೀತು? ಒಸಾಕಾ ಎಂದರೆ ಅವನಿಗೆ ಕನಸಿನಲ್ಲೂ ಬೆವರು.

"ಆಕ್ಷೀ!" ಎಂದದ್ದೇ ತಡ, ತೋಮೆ ಅಜ್ಜಿ ಸುಟ್ಟ ಈರುಳ್ಳಿ ದಂಟನ್ನು ಟವಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಶೀತಾನೇನೋ ಬುನ್‌ಪೇ? ಇದನ್ನ ಕುತ್ತಿಗೆಗೆ ಸುತ್ಕೋ. ನಮ್ಮ ಯಜಮಾನ್ರಿಗೆ ಇದ್ರಲ್ಲೇ ವಾಸಿ ಆಗ್ತಿತ್ತು."

"ಅವ್ರು ತೀರ್ಕೊಂಡ್ರಲ್ಲ ಅಜ್ಜಿ?"

"ಶೀತದಿಂದ ಅಲ್ವಲ್ಲ!"

ಅಜ್ಜಿ ಬಿಗಿದ ಗಂಟು ಭಟ್ಟಿಯ ಗೇಟಿನವರೆಗೂ ಬಿಚ್ಚಲಿಲ್ಲ. ಗೇಟಿನಲ್ಲಿ ಕಾವಲುಗಾರ ಬಾಂಬಾ ಅವನನ್ನು ಅಡ್ಡಗಟ್ಟಿದ.

"ಈರುಳ್ಳಿ ಎಲ್ಲ ಹೆಂಗಸ್ರ ಔಷಧಿ ಕಣಯ್ಯಾ. ಗಂಡಸ್ರಿಗೆ ಮೂಲಂಗಿ ರಸ. ತಲೆ ಎತ್ತು."

"ಬೇಡ ಬಾಂಬಾ ಸಾನ್, ಇವತ್ತು ಮುಖ್ಯವಾದ..."

"ಮುಖ್ಯ ಅಂತಾನೇ ಹೇಳ್ತಿರೋದು, ಎತ್ತು!"

ಎರಡೂ ಹೊಳ್ಳೆಗೆ ಮೂಲಂಗಿ ರಸ ಬಿತ್ತು. ಬುನ್‌ಪೇ ಕುಣಿದ, ಕೂಗಿದ, ಗೇಟನ್ನು ತಬ್ಬಿಕೊಂಡ. ಮೂಗು ತೆರೆಯಲಿಲ್ಲ, ಬದನೆಕಾಯಿಯಂತೆ ಊದಿಕೊಂಡಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬಾರದು ಎನ್ನುತ್ತಾರೆ ದೊಡ್ಡವರು. ಹೇಳಿದವರಿಗೆ ಬಾಂಬಾನ ಪರಿಚಯ ಇರಲಿಲ್ಲ.

ಬೆರಕೆ ಕೋಣೆ ಮುಟ್ಟುವ ಹೊತ್ತಿಗೆ ಅವನ ತಲೆಯಲ್ಲಿ ಉಳಿದಿದ್ದದ್ದು ಒಂದೇ ಉಪಾಯ. ಗುರುಗಳ ಮುಖ ನೋಡುವುದು, ಅವರಿಗೆ ಹಿಡಿಸಿದ್ದೇ ತನಗೂ ಹಿಡಿಸಿತು ಎನ್ನುವುದು.

ಮೇಜಿನ ಮೇಲೆ ಮುಚ್ಚಳ ಮುಚ್ಚಿದ ಐದು ಗ್ಲಾಸುಗಳಿದ್ದವು. ಎದುರಿಗೆ ಸೆನೋ, ನಡುವೆ ಯಜಮಾನಿ.

"ಯಾಕೋ ಇಲ್ಲಿ ಈರುಳ್ಳಿ ವಾಸನೆ ಬರ್ತಿದೆ" ಎಂದರು ಯಜಮಾನಿ.

"ನಂಗೂ ಬಂತು. ಹೊರಗಡೆದು" ಎಂದರು ಸೆನೋ, ಮುಚ್ಚಿದ ಕಿಟಕಿಯ ಕಡೆ ಕೈ ತೋರಿಸಿ.

"ಹೌದೌದು, ಹೊರಗಡೆದೇ" ಎಂದ ಬುನ್‌ಪೇ, ಕಾಲರ್ ಮೇಲೆಳೆದುಕೊಂಡು.

ಮೊದಲನೆಯ ಗ್ಲಾಸಿಗೆ ಗುರುಗಳ ಮುಖ ದಾರಿಬದಿಯ ಕಲ್ಲಿನ ಜಿಜೋ ದೇವರಂತೆ ಕೂತಿತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಮೂಗಿಗೆ ಹಿಡಿದಾಗ ಬುನ್‌ಪೇಗೆ ಸೀನು ಒತ್ತರಿಸಿ ಬಂತು. ಉಸಿರು ಕಟ್ಟಿ, ಹಲ್ಲು ಕಚ್ಚಿ ತಡೆದ. ಕಣ್ಣಲ್ಲಿ ನೀರು ತುಂಬಿತು. ಆ ನೀರಿನೊಳಗಿಂದಲೇ ನೋಡುತ್ತಾನೆ, ಗುರುಗಳ ಹುಬ್ಬು ಮೇಲಕ್ಕೇರಿದೆ! ಸಿಕ್ಕಿತು!

ಉಳಿದೆರಡನ್ನು ಶಾಸ್ತ್ರಕ್ಕೆ ಮೂಸಿ, "ಮೂರನೇದು ಅಮ್ಮಾವ್ರೇ" ಎಂದ. "ಮಳೆ ನಿಂತ ಮೇಲೆ ದೇವದಾರು ಕಾಡಲ್ಲಿ ನಿಂತ ಹಾಗಾಯ್ತು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು ಸೆನೋ. "ಆ ಕಾಡಲ್ಲಿ ಒಂದು ಗುಡಿ."

"ಗುಡಿ ಒಳಗೆ ಧೂಪ!"

"ಧೂಪದ ಹಿಂದೆ ಒಣಗಿಸಿದ ಕಾಕಿ ಹಣ್ಣು!"

ಯಜಮಾನಿ ಕೆಂಪಾದ ಕಣ್ಣು ಒರೆಸಿಕೊಂಡು ಮೂರನೆಯ ಗ್ಲಾಸನ್ನು ಮಗುವಿನಂತೆ ಎತ್ತಿಕೊಂಡು ಹೊರಗೆ ಹೋದರು.

ಬಾಗಿಲು ಮುಚ್ಚಿದ್ದೇ ಸೆನೋ ಪಿಸುಗುಟ್ಟಿದರು. "ಬುನ್‌ಪೇ, ನಿಜವಾಗ್ಲೂ ಅದು ಹೇಗಿತ್ತಯ್ಯಾ?"

ಬುನ್‌ಪೇ ಹಣೆ ನೆಲಕ್ಕೆ ಹಚ್ಚಿದ. "ತಪ್ಪಾಯ್ತು ಗುರುಗಳೇ. ನಂಗೆ ನೆಗಡಿ. ನಿಮ್ಮ ಹುಬ್ಬು ನೋಡಿ ಹೇಳ್ಬಿಟ್ಟೆ."

ಸೆನೋ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ! ನನ್ನ ಮೂಗು ಹೋಗಿ ವರ್ಷಗಳೇ ಆದ್ವು. ನಿನ್ನ ಮುಖ ನೋಡ್ಕೊಂಡೇ ಹೊಟ್ಟೆ ಹೊರ್ಕೊಳ್ತಿದ್ದೀನಿ. ಮೂರನೇದಕ್ಕೆ ನಿನ್ನ ಕಣ್ಣಲ್ಲಿ ನೀರು ಬಂತಲ್ಲ, ಅದನ್ನ ನೋಡಿ ನನ್ನ ಹುಬ್ಬು ಹೋಯ್ತು!"

"ಅದು ಸೀನು ಗುರುಗಳೇ!"

ಇಬ್ಬರೂ ಮೇಜಿನ ಮೇಲೆ ಮೂರನೆಯ ಗ್ಲಾಸಿದ್ದ ಖಾಲಿ ಜಾಗವನ್ನು ನೋಡಿದರು.

"ಹಾಗಾದ್ರೆ ಅದ್ರಲ್ಲಿ ಏನಿತ್ತು?"

"ಯಾವನಿಗ್ಗೊತ್ತು!"

ಅಷ್ಟರಲ್ಲಿ ಅಂಗಳದಲ್ಲಿ ಗಂಟೆ ಹೊಡೆಯಿತು. ಕೆಲಸಗಾರರೆಲ್ಲ ಸೇರಿದ್ದರು. ಯಜಮಾನಿ ಪೀಪಾಯಿಯ ಮೇಲೆ ಹತ್ತಿ ನಿಂತಿದ್ದರು.

"ಮೂರನೇ ಗ್ಲಾಸು ನಾನು ಬೆರೆಸಿದ್ದು" ಎಂದರು. "ಅಡುಗೆಮನೇಲಿ, ಉಪ್ಪಿನಕಾಯಿ ಭರಣೀಲಿ, ಯಾರಿಗೂ ಹೇಳ್ದೆ. ನಿಂಗೆ ಮೂಗೇ ಇಲ್ಲ ಅಂತ ಅಪ್ಪ ಸಾಯೋವರೆಗೂ ಅಂದ್ರು. ಇವತ್ತು ದೊಡ್ಡ ಮೂಗುಗಳೆರಡೂ ಅದನ್ನೇ ಹಿಡಿದ್ವು. ಇನ್ಮೇಲೆ ಬೆರಕೆ ಕೋಣೆ ನಾನೇ ನೋಡ್ಕೋತೀನಿ. ಸೆನೋ ಅವ್ರು ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ಸುಖವಾಗಿರ್ಲಿ."

ಸೆನೋ ಸೊಂಟ ಮುರಿಯುವಷ್ಟು ಬಾಗಿ ವಂದಿಸಿದರು. ಮುಖದಲ್ಲಿ ನಗು ಬಚ್ಚಿಡಲಾಗುತ್ತಿರಲಿಲ್ಲ.

"ಇನ್ನು ಉಸಾಮಿ ಅವ್ರು. ಇದನ್ನ ಮೂಸಿ ಕಣ್ಣೀರು ಹಾಕಿದ ಮನುಷ್ಯ! ಇವ್ರಿಗಿಂತ ಚೆನ್ನಾಗಿ ಇದನ್ನ ಯಾರು ಮಾರ್ತಾರೆ? ನಾಳೆಯಿಂದ್ಲೇ ಒಸಾಕಾ. ದಿನಾ ಸಂಜೆ ಗಿರಾಕಿಗಳ ಜೊತೆ ಕೂತು, ಇದನ್ನೇ ಕುಡಿದು, ಇವತ್ತು ಹೇಳಿದ ಹಾಗೇ ಹೇಳ್ಬೇಕು. ಎಲ್ರೂ ಕುಡೀರಿ, ಕಂಪೈ!"

ಎಲ್ಲರ ಕೈಗೂ ಅದೇ ಭರಣಿಯ ವಿಸ್ಕಿ ತುಂಬಿದ ಗ್ಲಾಸು ಬಂತು. ಒಸಾಕಾ ಎಂಬ ಮಾತಿಗೆ ರಕ್ತ ತಲೆಗೇರಿತೋ ಏನೋ, ಬುನ್‌ಪೇಯ ಮೂಗು ಆ ಕ್ಷಣದಲ್ಲೇ ಫಟ್ಟೆಂದು ತೆರೆದುಕೊಂಡಿತು. ಒದ್ದೆ ಚಾಪೆಯನ್ನು ರಬ್ಬರ್ ಬೂಟಿನೊಳಗೆ ತುರುಕಿ ಒಲೆಯ ಮೇಲಿಟ್ಟಂಥ ವಾಸನೆ ನೇರ ಮಿದುಳಿಗೆ ಹೊಡೆಯಿತು. ಬಾಯಿಗೆ ಬಿಟ್ಟುಕೊಂಡ ಗುಟುಕನ್ನು ಉಗುಳಲು ಸುತ್ತ ಪಾತ್ರೆ ಹುಡುಕಿದ. ಊರಿಗೆ ಊರೇ ಅವನ ಬಾಯಿ ನೋಡುತ್ತಿತ್ತು. ಕಣ್ಣು ಮುಚ್ಚಿ ನುಂಗಿದ. ಕೆನ್ನೆಯ ಮೇಲೆ ಧಾರಾಕಾರ ನೀರಿಳಿಯಿತು.

"ನೋಡ್ರಪ್ಪಾ, ಮತ್ತೆ ಅಳ್ತಿದ್ದಾರೆ!" ಎಂದು ಯಜಮಾನಿ ಬಿಕ್ಕುತ್ತಾ ಕೆಳಗಿಳಿದು ಬಂದು, ಅವನ ಗ್ಲಾಸನ್ನು ಕಂಠಮಟ್ಟ ತುಂಬಿಸಿದರು.