ಮಡಚುಚಾಕು ಮತ್ತು ಗುಲಾಬಕ್ಕನ ಕುಂಬಳಕಾಯಿ

ಹಳೆಯ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತಂತೆ. ದಿನೇಶನ ಜೀವ ಆ ದಿನ ಒಂದು ಮಡಚುಚಾಕುವಿನೊಳಗೆ ಇತ್ತು.

ಬಂಗಾಳಿ ಬಂದರುಪೇಟೆ ಖಿದಿರ್‌ಪುರದಲ್ಲಿ ಹಡಗುಗಳಿಗೆ ಹಗ್ಗ, ಕೊಕ್ಕೆ, ಬಕೇಟು ಒದಗಿಸುವ ಕಂಪನಿಯೊಂದರಲ್ಲಿ ಅವನು ತಾತ್ಕಾಲಿಕ ಗುಮಾಸ್ತ. ಆರು ತಿಂಗಳ ಅವಧಿ ಅಂದಿಗೆ ಮುಗಿಯುತ್ತಿತ್ತು. ಹಿಂದಿನ ಸಂಜೆ ಯಜಮಾನ ಘೋಷಾಲ್ ಬಾಬು ಭಾರದ ಚಾಕುವೊಂದನ್ನು ಮೇಜಿನ ಮೇಲಿಟ್ಟು, "ನಾವಿಕರಿಗೆ ಇಂಥವು ಐನೂರು ಬೇಕು. ಮನೆಗೆ ಒಯ್ದು ಚೆನ್ನಾಗಿ ದುಡಿಸಿ ನೋಡು. ನಾಳೆ ನಾಲ್ಕು ಗಂಟೆಯೊಳಗೆ ಚಾಕು ನನ್ನ ಮುಂದಿರಬೇಕು. ಬಂದರೆ ಕೆಲಸ ಕಾಯಂ. ಬರದಿದ್ದರೆ ನೀನೂ ಬರಬೇಡ" ಎಂದಿದ್ದರು.

ದಿನೇಶ ಹುಟ್ಟಿದಂದಿನಿಂದ ಒಂದು ಲಿಂಬೆಹಣ್ಣನ್ನೂ ಕೊಯ್ದವನಲ್ಲ. ಅಂದು ಮನೆಯಲ್ಲಿ ಹೆದರುತ್ತಲೇ ಹೆಬ್ಬೆರಳಿನಿಂದ ಅಲಗನ್ನು ತಳ್ಳಿದ. 'ಟಕ್' ಎಂದು ಅದು ನೆಟ್ಟಗೆ ನಿಂತಿತು.

"ಇದನ್ನು ಮಡಚುವುದು ಹೇಗೆ?" ಹೆಂಡತಿ ಸುಗುಣಾ ಕೇಳಿದಳು.

ಅದು ಅವನಿಗೂ ಗೊತ್ತಿರಲಿಲ್ಲ. ಒತ್ತಿದ, ತಿರುಚಿದ, ಬೇಡಿಕೊಂಡ. ಮೊದಲ ದೀಪಾವಳಿಗೆ ಬಂದು ಮುನಿಸಿಕೊಂಡ ಅಳಿಯನ ಹಾಗೆ ಅಲಗು ಬಾಗಲೇ ಇಲ್ಲ.

ಗಲಾಟೆ ಕೇಳಿ ಮೇಲಿನ ಮನೆಯ ರತ್ನಾಕರರು ಇಳಿದು ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಟ್ಟಡದ ಎಲ್ಲರ ಕೆಲಸವೂ ಅವರದೇ. "ಮೂವತ್ತು ವರ್ಷ ತಿಜೋರಿ ತೆಗೆದವ ನಾನು. ಕೊಡು ಇಲ್ಲಿ."

"ಅಯ್ಯೋ, ಕೈಯಿಂದ ಕೈಗೆ ಕೊಡ್ಬೇಡಿ! ಜಗಳ ಆಗ್ತದೆ!" ಸುಗುಣಾ ಕಿರುಚಿದಳು. "ನೆಲದಲ್ಲಿಡಿ, ಅವರು ತೆಕ್ಕೊಳ್ಳಲಿ."

ದಿನೇಶ ನೆಲದಲ್ಲಿಟ್ಟ. ರತ್ನಾಕರರಿಗೆ ಸೊಂಟನೋವು. ಹೀಗಾಗಿ ಚಾಕುವೂ ಬಾಗಲಿಲ್ಲ, ಅವರೂ ಬಾಗಲಿಲ್ಲ. "ಮಡಚುವುದು ಇರ್ಲಿ ಮಾರಾಯ, ಮೊದ್ಲು ಹಗ್ಗ ಕೊಯ್ದು ನೋಡು" ಎಂದು ಬಾಲ್ಕನಿಯತ್ತ ಬೆರಳು ತೋರಿಸಿದರು.

ಚಾಕು ತಾಗಿತೋ ಇಲ್ಲವೋ, ಬಟ್ಟೆ ಒಣಗಿಸುವ ಹಗ್ಗ ಎರಡು ತುಂಡಾಯಿತು. ಸುಗುಣಾಳ ನಾಲ್ಕು ಸೀರೆಗಳು ಓಣಿಯ ಮೀನಿನವಳ ಬುಟ್ಟಿಗೆ ಹಾರಿದವು. ಕೈಯಿಂದ ಕೈಗೆ ಕೊಡದಿದ್ದರೂ ಜಗಳವಾಯಿತು.

ಆ ಜಗಳದ ನಡುವೆಯೇ ರತ್ನಾಕರರ ಹೆಂಡತಿ ಗುಲಾಬಕ್ಕ ಕಂಕುಳಲ್ಲೊಂದು ಕುಂಬಳಕಾಯಿ ಇಟ್ಟುಕೊಂಡು ಬಂದರು. "ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕ್ಲಿಕ್ಕಿಲ್ಲ. ಇವರಿಗೆ ಸೊಂಟ ಇಲ್ಲ. ಮೂರು ದಿನದಿಂದ ಹೀಗೇ ಕೂತಿದೆ. ಹೇಗೂ ಪರೀಕ್ಷೆ ಅಲ್ವಾ, ಒಂದು ಪೆಟ್ಟು ಹಾಕು ಮಗಾ."

ದಿನೇಶ ಕಣ್ಣು ಮುಚ್ಚಿ ಹಾಕಿದ. ಚಾಕು ಹಿಡಿಯವರೆಗೆ ಇಳಿಯಿತು. ಮತ್ತೆ ಬರಲಿಲ್ಲ.

ದಿನೇಶ ಹಿಡಿಯನ್ನು, ಸುಗುಣಾ ಕುಂಬಳಕಾಯಿಯನ್ನು ಎಳೆದರು. ಗಂಟೆ ಎರಡೂವರೆಯಾಯಿತು. "ಮೆಟ್ಟುಕತ್ತಿ ತಾ, ಸೀಳಿಬಿಡ್ತೇನೆ!" ಎಂದ ದಿನೇಶ.

"ಕತ್ತಿ ತಾಗಿ ಅಲಗಿಗೆ ಗೀರು ಬಿದ್ರೆ ನಿಮ್ಮ ಬಾಬುವಿಗೆ ಎಂತ ಹೇಳ್ತೀರಿ?" ಸುಗುಣಾ ತಡೆದಳು.

ಅದೂ ಹೌದು. ಅವನು ಕುಂಬಳಕಾಯಿ ಸಮೇತ ಹೊರಟ. "ನನ್ನ ಕಾಯಿ ವಾಪಸು ತಾ!" ಎಂದು ಗುಲಾಬಕ್ಕ ಮೆಟ್ಟಿಲಿನಿಂದ ಕೂಗಿದರು.

ಕರೆಸಿದ ಕ್ಯಾಬ್‌ನವನು ಚಾಕುವಿನ ಹಿಡಿ ಕಂಡದ್ದೇ ಗಾಡಿ ತಿರುಗಿಸಿಕೊಂಡು ಹೋದ. ಬಸ್ಸು ಹತ್ತಿದರೆ ಮುದುಕಿಯೊಬ್ಬಳು ಎದೆಗೆ ಕೈಯಿಟ್ಟಳು. "ಓ ಮಾ! ಬಲಿಯ ಕಾಯಿ! ಒಂದೇ ಏಟಿಗೆ ತುಂಡಾಗದೆ ನಿಂತಿದೆ!"

ದುರ್ಗೆಗೆ ಕುಂಬಳಕಾಯಿ ಬಲಿ ಕೊಡುವ ಊರು ಅದು. ಅರ್ಧಕ್ಕೆ ನಿಂತ ಬಲಿಯೆಂದರೆ ಮಹಾ ಅಪಶಕುನ. ಇಡೀ ಸಾಲು ಎದ್ದು ಹಿಂದೆ ಸರಿಯಿತು. ಆರು ತಿಂಗಳಲ್ಲಿ ಮೊದಲ ಸಲ ದಿನೇಶನಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಆದರೆ ಕೂತವನ ಬೆನ್ನು ಬಿಸಿಯಾಗುವ ಮೊದಲೇ ಕಂಡಕ್ಟರ್ ಕೈಮುಗಿದ. "ದಾದಾ, ನನಗೆ ಮಕ್ಕಳಿದ್ದಾರೆ. ಇಳಿದುಬಿಡಿ."

ಇಳಿದು, ನಡೆದು ಖಿದಿರ್‌ಪುರ ಸೇತುವೆ ಮುಟ್ಟಿದಾಗ ಮೂರು ನಲವತ್ತೈದು. ಅವನು ಓಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನೆನಪಾಯಿತು. ಇವನಿಗೆ ಮುಟ್ಟಿ ನೋಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಕಾಯಿ ಹೆಗಲ ಮೇಲೆಯೇ ಇತ್ತು. ಲಾರಿಗಳ ನಡುವೆ ನುಗ್ಗಿ, ಮೆಟ್ಟಿಲು ಹಾರಿ, ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಘೋಷಾಲ್ ಬಾಬುವಿನ ಹೊಸ್ತಿಲು ಎಡವಿದ.

ಕುಂಬಳಕಾಯಿ ನೆಲಕ್ಕಪ್ಪಳಿಸಿ ಎರಡು ಹೋಳಾಯಿತು. ಚಾಕು ಠಣಠಣ ಉರುಳಿ ಯಜಮಾನರ ಕಾಲಬುಡದಲ್ಲಿ ನಿಂತಿತು. ದಿನೇಶ ಕಣ್ಣು ಮುಚ್ಚಿಕೊಂಡ. ಕೆಲಸ ಹೋಯಿತು.

ಘೋಷಾಲ್ ಬಾಬು ಚಾಕು ಎತ್ತಿ ಬೀಜ ಒರೆಸಿದರು. ಅಲಗನ್ನು ಬೆಳಕಿಗೆ ಹಿಡಿದರು. ಹಿಡಿಯ ಒಳಗಿದ್ದ ತೆಳುವಾದ ಪಟ್ಟಿಯೊಂದನ್ನು ಹೆಬ್ಬೆರಳಿನಿಂದ ಸರಿಸಿದರು. 'ಟಕ್.' ಚಾಕು ಹಸುಗೂಸಿನ ಹಾಗೆ ಮಡಚಿಕೊಂಡಿತು.

"ಅಷ್ಟೇನಾ?" ದಿನೇಶನ ಬಾಯಿಂದ ಬಂತು.

"ಅಲಗು ಬಾಗಿಲ್ಲ, ಹಿಡಿ ಅಲುಗಿಲ್ಲ. ಎಂಥಾ ಪರೀಕ್ಷೆ ಮಾಡಿದೆಯಪ್ಪಾ!" ಬಾಬು ಅಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿ ಮುಂದೆ ತಳ್ಳಿದರು. "ತಗೋ, ಕಾಯಂ."

ದಿನೇಶ ಕಣ್ಣೊರೆಸಿಕೊಂಡು ಓದಿದ. ಹುದ್ದೆ: ಮಾಲು ಪರೀಕ್ಷಕ.

"ಬಾಬು, ನಾನು ಗುಮಾಸ್ತ. ನಿಜ ಹೇಳಬೇಕೆಂದರೆ ನನಗೆ ಚಾಕು ಹಿಡಿಯಲಿಕ್ಕೂ ಬರುವುದಿಲ್ಲ."

"ಅದು ನೋಡಿದರೇ ತಿಳಿಯುತ್ತದೆ. ಅದಕ್ಕೇ ನೀನು ಬೇಕು. ಬಲ್ಲವನ ಕೈಯಲ್ಲಿ ಎಲ್ಲ ಮಾಲೂ ಒಳ್ಳೆಯದೇ." ಅವರು ಕಪಾಟಿನಿಂದ ಕೇಸರಿ ಬಣ್ಣದ ಉಬ್ಬು ಅಂಗಿಯೊಂದನ್ನು ತೆಗೆದು ಅವನ ಎದೆಗೆ ಅಳತೆ ಹಿಡಿದರು. "ಲೈಫ್ ಜಾಕೆಟ್. ನಾಳೆ ಬೆಳಿಗ್ಗೆ ಆರಕ್ಕೆ ಹೊಳೆದಂಡೆಯ ಘಾಟಿಗೆ ಬಾ, ನಡುಹೊಳೆಗೆ ಹೋಗೋಣ. ಈಜು ಬರುತ್ತದಾ?"

"ಇಲ್ಲ ಬಾಬು! ಖಂಡಿತ ಇಲ್ಲ!" ಬದುಕಿದೆನೆಂದುಕೊಂಡು ದಿನೇಶ ಕೂಗಿದ.

ಘೋಷಾಲ್ ಬಾಬುವಿನ ಮುಖ ಅರಳಿತು.

"ಭಾಲೋ, ಒಳ್ಳೆಯದೇ ಆಯಿತು! ಈಜು ಬರುವವನಿಗೆ ತೊಡಿಸಿದರೆ ಜಾಕೆಟ್ಟಿನ ಗುಣ ತಿಳಿಯುವುದು ಹೇಗೆ?"