ದೊಡ್ಡಪ್ಪನ ಬ್ಯಾಟರಿ ಬಾಣಂತನ

ನಮ್ಮ ದೊಡ್ಡಪ್ಪನಿಗೆ ಏಳು ಮಕ್ಕಳು. ಒಬ್ಬಳು ಮಗಳು, ಉಳಿದ ಆರು ಬ್ಯಾಟರಿಗಳು! ಇದು ನನ್ನ ಮಾತಲ್ಲ, ದೊಡ್ಡಮ್ಮನ ಮಾತು. ಮಗಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದರೋ ಇಲ್ಲವೋ, ಬ್ಯಾಟರಿಗಳ ಮೈ ಮಾತ್ರ ದಿನಾ ಬೆಳಿಗ್ಗೆ ಸವರಿ ನೋಡುತ್ತಾರೆ ಅನ್ನುವುದು ಅವರ ದೂರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತರೀಕೆರೆಯ ಶಾಲೆಯೊಂದಕ್ಕೆ ಹೊಸದಾಗಿ ಟೀಚರಾಗಿ ಬಂದು ಇವರ ಮನೆಯಲ್ಲೇ ಇದ್ದೆ. ದೊಡ್ಡಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾಟರಿ ಚಾರ್ಜು ಮಾಡುವ ಅಂಗಡಿ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೆ? ಪುಣ್ಯಾತ್ಮರು ಕಡೂರಿನ ಗುಜರಿಯಿಂದ ಒಂದು ಹಳೇ ಕಾರು ತಂದು, ಇಂಜಿನ್ ಕಿತ್ತುಹಾಕಿ, ಆ ಜಾಗದಲ್ಲಿ ಮೋಟಾರು ಕೂರಿಸಿ, ಆರು ಬಸ್ ಬ್ಯಾಟರಿ ಜೋಡಿಸಿ ಕರೆಂಟಿನ ಕಾರು ಮಾಡಿಬಿಟ್ಟರು! ಹೊಗೆಯಿಲ್ಲ, ಸದ್ದಿಲ್ಲ. ಎಷ್ಟೋ ಸಲ ಓಟವೂ ಇಲ್ಲ.

ಅದರಲ್ಲಿ ಒಮ್ಮೆ ನಾವೆಲ್ಲ ಕೆಮ್ಮಣ್ಣುಗುಂಡಿಗೆ ಹೊರಟೆವು. ಲಿಂಗದಹಳ್ಳಿ ದಾಟಿ ಏರು ಶುರುವಾಗುತ್ತಿದ್ದಂತೆ ಕಾರು ನಿಂತಿತು. ದೊಡ್ಡಪ್ಪ ಗಂಭೀರವಾಗಿ, "ಪಾಪ, ಸುಸ್ತಾಗ್ಬಿಟ್ಟಿವೆ. ಎಲ್ರೂ ಇಳೀರಿ" ಅಂದರು. ರಸ್ತೆ ಬದಿಯಲ್ಲೇ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ನಾವು ಬಸ್ಸಿನಲ್ಲಿ ವಾಪಸಾದೆವು. ಕಾರು ಎತ್ತಿನ ಗಾಡಿಯ ಹಿಂದೆ ಕಟ್ಟಿಸಿಕೊಂಡು ಬಂತು. "ಎತ್ತಾದ್ರೆ ಹುಲ್ಲು ಹಾಕಿದ್ರೆ ಸಾಕು ನೋಡ್ರೀ, ರಾತ್ರಿಯೆಲ್ಲ ಚಾರ್ಜ್ ಮಾಡೋ ಹಾಗಿಲ್ಲ" ಅಂತ ದೊಡ್ಡಮ್ಮ ಬಹಳ ದಿನ ಆಡಿಕೊಂಡರು.

ಹೀಗಿರುವಾಗ ಅಕ್ಕ, ಅಂದರೆ ಇವರ ಮಗಳು, ಬಸುರಿಯಾದಳು. ಅವಳ ಗಂಡನಿಗೆ ನಾಗಪುರದಲ್ಲಿ ಕೆಲಸ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಸರಿ. ಆದರೆ ಅಲ್ಲಿನ ಡಾಕ್ಟರು ಪ್ರಯಾಣ ಕೂಡದು ಅಂದುಬಿಟ್ಟರು. ಅಂದ ಮೇಲೆ ತವರೇ ನಾಗಪುರಕ್ಕೆ ಹೋಗಬೇಕು!

"ನೀನು ಹೋಗ್ಬಾರೇ. ಇವನ್ನ ಬಿಟ್ಟು ವಾರಗಟ್ಲೆ ನಾನೆಲ್ಲಿ ಬರ್ಲಿ?" ಅಂದರು ದೊಡ್ಡಪ್ಪ.

"ಅಪ್ಪನ್ನೂ ಕರ್ಕೊಂಡೇ ಬಾ ಅಂತ ಗೋಗರೆದಿದ್ದಾಳೆ ಕಣ್ರೀ. ಸಂಜೆಯಾದ್ರೆ ಅಲ್ಲಿ ಕರೆಂಟೇ ಇರಲ್ವಂತೆ. ಮೊದ್ಲೇ ಕತ್ತಲಂದ್ರೆ ನಡುಗೋ ಹುಡುಗಿ!"

ದೊಡ್ಡಪ್ಪ ಎದ್ದುಹೋಗಿ ಆರೂ ಬ್ಯಾಟರಿಗಳ ಮೈ ಸವರಿ ಬಂದರು. ಆಮೇಲೆ, "ಬತ್ತೀನಿ. ಆದ್ರೆ ಮೊದ್ಲು ಇವಕ್ಕೊಂದು ವ್ಯವಸ್ಥೆ ಆಗ್ಬೇಕು" ಅಂದರು.

ಶುರುವಾಯಿತು ನೋಡಿ! ಬ್ಯಾಟರಿಗಳನ್ನು ಕಾರಿನಿಂದ ಇಳಿಸಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಮೈ ಒರೆಸಿದರು. ಡಿಸ್ಟಿಲ್ಡ್ ವಾಟರ್ ಹುಯ್ದು, ಪೂರ್ತಿ ಚಾರ್ಜು ಮಾಡಿ, ವೈರು ಸಿಕ್ಕಿಸುವ ಟರ್ಮಿನಲ್ಲುಗಳಿಗೆ ವ್ಯಾಸಲೀನ್ ಬಳಿದರು. ಯಾರ ವ್ಯಾಸಲೀನ್? ನನ್ನದು! ಚಳಿಗೆ ನನ್ನ ತುಟಿ ಒಡೆದರೂ ಪರವಾಗಿಲ್ಲ, ಟರ್ಮಿನಲ್ಲಿಗೆ ಪುಡಿ ಕಟ್ಟಬಾರದು. ಸಿಮೆಂಟು ನೆಲ ತಂಪೆಂದು ಊಟಕ್ಕೆ ಕೂರುವ ಆರೂ ಮಣೆಗಳನ್ನು ಎತ್ತಿಕೊಂಡು ಹೋಗಿ ಅವುಗಳ ಮೇಲೆ ಒಂದೊಂದನ್ನೇ ಕೂರಿಸಿದರು.

"ಬಾಣಂತೀನೂ ಹಿಂಗೇ ಅಲ್ವೇನೇ ನೋಡ್ಕೊಳ್ಳೋದು? ತಂಪಾಗ್ಬಾರ್ದು, ಹೊಟ್ಟೆ ಖಾಲಿ ಬಿಡ್ಬಾರ್ದು!" ಅಂತ ದೊಡ್ಡಮ್ಮನಿಗೇ ಪಾಠ.

ನಡುನಡುವೆ ಚಾರ್ಜು ಕೊಡುವ ಜವಾಬ್ದಾರಿ ನನ್ನ ತಲೆಗೆ ಬಂತು. "ಕಷಾಯನೂ ಕಾಯಿಸಿ ಹಾಕ್ಲಾ ದೊಡ್ಡಪ್ಪ?" ಅಂತ ಕೇಳಿದೆ. ನಗಲೇ ಇಲ್ಲ, ಮಹಾನುಭಾವರು.

ಹೊರಡುವ ಹಿಂದಿನ ದಿನ ಅಜ್ಜಂಪುರದಿಂದ ಬೀಗರು ಬಂದರು, ಸೊಸೆಗೆ ಕಳಿಸಲು ಅಂಟಿನುಂಡೆಯ ಡಬ್ಬ ಹಿಡಿದು. ಊಟಕ್ಕೆ ಕೂತರೆ ಬರಿ ನೆಲ! ಎದುರಿನ ಕೋಣೆಯಲ್ಲಿ ನೋಡಿದರೆ ಬ್ಯಾಟರಿಗಳು ಸಾಲಾಗಿ ಮಣೆ ಹಾಕಿಕೊಂಡು ಕೂತಿವೆ. ಬೀಗರು ಒಮ್ಮೆ ಅತ್ತ, ಒಮ್ಮೆ ತಮ್ಮ ಎಲೆಯತ್ತ ನೋಡಿ, "ಅವ್ರಿಗೆ ಮೊದ್ಲು ಬಡಿಸ್ರಮ್ಮಾ, ನಮ್ದೇನು ಅವಸರ ಇಲ್ಲ" ಅಂದರು.

"ಅವ್ರದ್ದು ಬೆಳಿಗ್ಗೇನೇ ಆಯ್ತು ಬೀಗ್ರೇ" ಅಂದರು ದೊಡ್ಡಪ್ಪ! ದೊಡ್ಡಮ್ಮ ಅಡುಗೆಮನೆಯಿಂದ ಈಚೆಗೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಬೀರೂರಿಗೆ ಹೋಗಿ ರೈಲು ಹತ್ತಬೇಕು. ಬಸ್ಸಿಗೆ ಹೊತ್ತಾಗುತ್ತಿದೆ, ದೊಡ್ಡಪ್ಪ ಮಾತ್ರ ಬ್ಯಾಟರಿ ಕೋಣೆಯ ಒಳಗೆ ಚಿಲಕ ಹಾಕಿಕೊಂಡಿದ್ದಾರೆ. ಬಾಗಿಲು ಬಡಿದರೆ, "ಬಂದೆ ಕಣೇ, ಬಂದೆ!" ಅನ್ನುತ್ತಾರೆ, ಬರುವುದಿಲ್ಲ. ದೊಡ್ಡಮ್ಮ ಟ್ರಂಕಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವ್ರು ಬರಲ್ಲ ಬಿಡೇ. ಹೆತ್ತ ಮಗಳಿಗಿಂತ ಅವೇ ಹೆಚ್ಚಾದ್ವು. ಅಪ್ಪ ಎಲ್ಲಮ್ಮಾ ಅಂದ್ರೆ ಅವಳಿಗೆ ಏನಂತ ಹೇಳ್ಲಿ?"

ಅವತ್ತು ನನಗೂ ದೊಡ್ಡಪ್ಪನ ಮೇಲೆ ನಿಜವಾಗಿ ಸಿಟ್ಟು ಬಂತು. ಅಷ್ಟರಲ್ಲಿ ಚಿಲಕ ತೆಗೆದ ಸದ್ದಾಯಿತು. ದೊಡ್ಡಪ್ಪ ಗೋಣಿಚೀಲ ಸುತ್ತಿದ ಒಂದು ಭಾರದ ವಸ್ತುವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಏದುಸಿರು ಬಿಡುತ್ತಾ ಬಂದರು. ಚೀಲದ ಬಾಯಿಂದ ಎರಡು ವೈರು ಇಣುಕುತ್ತಿದ್ದವು. ತುದಿಯಲ್ಲಿ ಒಂದು ಪುಟ್ಟ ಬಲ್ಬು. ಕೋಣೆಯೊಳಗೆ ನೋಡಿದೆ: ಐದು ಬ್ಯಾಟರಿ, ಒಂದು ಖಾಲಿ ಮಣೆ.

"ಇದ್ಯಾಕ್ರೀ?" ಅಂದರು ದೊಡ್ಡಮ್ಮ.

"ಚಿಕ್ಕೋಳಿದ್ದಾಗ ತಲೆ ಹತ್ರ ಈ ಬಲ್ಬು ಉರೀತಿದ್ರೇನೇ ಅವಳು ನಿದ್ದೆ ಮಾಡ್ತಿದ್ದಿದ್ದು, ಮರ್ತೋಯ್ತಾ? ನನ್ ಮಗಳು ಕತ್ತಲಲ್ಲಿ ನೋವು ತಿನ್ಬಾರ್ದು ಕಣೇ."

ದೊಡ್ಡಮ್ಮ ಆ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡರು. "ನೀವು ಮೊದ್ಲನೇ ಬ್ಯಾಟರಿ ಮನೆಗೆ ತಂದಿದ್ದೇ ಇದಕ್ಕಲ್ವೇನ್ರೀ" ಅಂದರು ಮೆತ್ತಗೆ. ನನಗೆ ಅದು ಗೊತ್ತೇ ಇರಲಿಲ್ಲ.

ದೊಡ್ಡಪ್ಪ ಕೈಸೋತು ಬ್ಯಾಟರಿಯನ್ನು ಜಗಲಿಯ ಮೇಲೆ ಇಳಿಸಲು ಬಗ್ಗಿದರು. ದೊಡ್ಡಮ್ಮ ಕೂಗಿಕೊಂಡರು: "ಅಯ್ಯೋ, ನೆಲಕ್ಕಿಡ್ಬೇಡ್ರೀ, ತಂಪಾಗುತ್ತೆ! ಏ ಹುಡುಗೀ, ಆ ಮಣೆ ತಗೊಂಡ್ಬಾರೇ!"

ನಾನು ಮಣೆ ಎತ್ತಿಕೊಂಡು ಓಡಿ ಬಂದೆ. ಅದೂ ಅವರ ಜೊತೆ ನಾಗಪುರಕ್ಕೆ ಹೋಯಿತು.